ಇದರಂತೆ ಇದೇ: ಒಲ್ಲದ ಮನಸ್ಸಿನ ಒಂದು ತೀರ್ಪಿನ ಓದು

ನ್ಯಾಯಾಲಯದ ತೀರ್ಪನ್ನು ಸಾಹಿತ್ಯ ಕೃತಿಯಂತೆ ಓದುವವರು ಕಡಿಮೆ. ವಕೀಲರು ಕೊನೆಯ ಪುಟವನ್ನು ಮೊದಲು ತಿರುವುತ್ತಾರೆ. ಪತ್ರಕರ್ತರು ಎರಡು ವಾಕ್ಯ ಹೆಕ್ಕಿಕೊಳ್ಳುತ್ತಾರೆ. ಕಕ್ಷಿದಾರನಿಗೆ ಗೆದ್ದೆನೋ ಸೋತೆನೋ ಎಂಬುದಷ್ಟೇ ಬೇಕು. ಆದರೆ 2020ರ ಆಗಸ್ಟ್ 4ರಂದು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಫೆಡರಲ್ ನ್ಯಾಯಾಲಯವೊಂದು ಕೊಟ್ಟ ತೀರ್ಪನ್ನು ಮೊದಲ ಪುಟದಿಂದಲೇ, ನಿಧಾನವಾಗಿ ಓದಬೇಕು. ಪ್ರಕರಣದ ಹೆಸರು ಜ್ಯಾಮಿಸನ್ ವರ್ಸಸ್ ಮೆಕ್ಲೆಂಡನ್. ಬರೆದವರು ನ್ಯಾಯಾಧೀಶ ಕಾರ್ಲ್ಟನ್ ರೀವ್ಸ್.

ಈ ತೀರ್ಪು ಕಾನೂನಿನ ಮಾತಿನಿಂದ ಆರಂಭವಾಗುವುದಿಲ್ಲ. ಒಬ್ಬ ಮನುಷ್ಯ ಏನೇನು ಮಾಡುತ್ತಿರಲಿಲ್ಲ ಎಂಬ ಪಟ್ಟಿಯಿಂದ ಆರಂಭವಾಗುತ್ತದೆ. ಅವನು ಎಲ್ಲೆಂದರಲ್ಲಿ ರಸ್ತೆ ದಾಟುತ್ತಿರಲಿಲ್ಲ. ಆಟಿಕೆ ಪಿಸ್ತೂಲು ಹಿಡಿದು ಆಡುತ್ತಿರಲಿಲ್ಲ. ಬಿಡಿ ಸಿಗರೇಟು ಮಾರುತ್ತಿರಲಿಲ್ಲ. ತನ್ನ ಹಾಸಿಗೆಯಲ್ಲಿ ಮಲಗಿರಲಿಲ್ಲ. ಅವನ ಕಾರಿನ ಹಿಂದಿನ ದೀಪ ಒಡೆದಿರಲಿಲ್ಲ. ಮಿತಿಗಿಂತ ವೇಗವಾಗಿಯೂ ಹೋಗುತ್ತಿರಲಿಲ್ಲ, ಮಿತಿಗಿಂತ ನಿಧಾನವಾಗಿಯೂ ಹೋಗುತ್ತಿರಲಿಲ್ಲ. ಹೀಗೆ ಒಂದೊಂದೇ ಸಾಲು. ಪ್ರತಿ ಸಾಲಿನ ತುದಿಗೂ ಒಂದು ಅಡಿಟಿಪ್ಪಣಿಯ ಅಂಕೆ. ಕಣ್ಣು ಕೆಳಗಿಳಿಸಿದರೆ ಅಲ್ಲೊಂದು ಹೆಸರು. ಮೇಲೆ 'ಮಾಡುತ್ತಿರಲಿಲ್ಲ' ಎಂದು ಹೇಳಿದ್ದನ್ನು ನಿಜವಾಗಿ ಮಾಡುತ್ತಿದ್ದ, ಅಥವಾ ಮಾಡುತ್ತಿದ್ದನೆಂದು ಪೊಲೀಸರು ಭಾವಿಸಿದ ವ್ಯಕ್ತಿಯ ಹೆಸರು. ಹೆಚ್ಚಿನವರು ಈಗ ಬದುಕಿಲ್ಲ. ಪಟ್ಟಿ ಮುಗಿದ ಮೇಲೆ ನ್ಯಾಯಾಧೀಶರು ಹೇಳುವುದು ಇಷ್ಟೇ: ಈತ ಮರ್ಸಿಡಿಸ್ ಕಾರು ಓಡಿಸುತ್ತಿದ್ದ ಒಬ್ಬ ಕಪ್ಪು ಮನುಷ್ಯ.

ನಡೆದದ್ದು 2013ರ ಜುಲೈಯಲ್ಲಿ. ಅರಿಜೋನಾದಿಂದ ಸೌತ್ ಕ್ಯಾರೊಲಿನಾದ ತನ್ನ ಮನೆಗೆ ಹೋಗುತ್ತಿದ್ದವನನ್ನು ಮಿಸಿಸಿಪ್ಪಿಯ ಪೆಲಹ್ಯಾಚಿ ಎಂಬ ಸಣ್ಣ ಊರಿನ ಹತ್ತಿರ ಪೊಲೀಸ್ ಅಧಿಕಾರಿಯೊಬ್ಬ ತಡೆದ. ತಾತ್ಕಾಲಿಕ ನಂಬರಿನ ರಟ್ಟು ಮಡಚಿಕೊಂಡಿತ್ತು ಎಂಬುದು ಅಧಿಕಾರಿ ಕೊಟ್ಟ ಕಾರಣ. ಕಾಗದಪತ್ರ ಸರಿಯಾಗಿದ್ದವು. ಆದರೂ ಕಾರನ್ನು ಶೋಧಿಸಲು ಅಧಿಕಾರಿ ಮತ್ತೆ ಮತ್ತೆ ಒಪ್ಪಿಗೆ ಕೇಳಿದ. ಚಾಲಕನ ಹೇಳಿಕೆಯ ಪ್ರಕಾರ ಕಾರಿನಲ್ಲಿ 10 ಕಿಲೋ ಕೊಕೇನ್ ಇದೆಯೆಂದು ಕರೆ ಬಂದಿದೆ ಎಂದು ಸುಳ್ಳು ಹೇಳಿದ, ಕಾರಿನೊಳಗೆ ಕೈ ತೂರಿಸಿದ. ಹೆಚ್ಚುಕಡಿಮೆ ಎರಡು ಗಂಟೆ ಹುಡುಕಿದರೂ, ನಾಯಿ ತರಿಸಿ ಮೂಸಿಸಿದರೂ ಏನೂ ಸಿಗಲಿಲ್ಲ.

ಅಧಿಕಾರಿ ಕಾರಿನೊಳಗೆ ಕೈ ಹಾಕಿದ್ದು ಸಂವಿಧಾನದ ಉಲ್ಲಂಘನೆ ಎಂದು ರೀವ್ಸ್ ಒಪ್ಪುತ್ತಾರೆ. ಅಧಿಕಾರಿಗೆ ರಕ್ಷಣೆ ಕೊಡುವ ಕಾನೂನು ಎಲ್ಲಿಂದ ಬಂತು, ಅದು ಯಾಕೆ ತಪ್ಪು ಎಂದು 70 ಪುಟ ದಾಟುವ ತೀರ್ಪಿನಲ್ಲಿ ವಿವರಿಸುತ್ತಾರೆ. ಸರ್ವೋಚ್ಚ ನ್ಯಾಯಾಲಯ ಈ ಸಿದ್ಧಾಂತವನ್ನೇ ತೆಗೆದುಹಾಕಬೇಕೆಂದು ಬಹಿರಂಗವಾಗಿ ಕೇಳುತ್ತಾರೆ. ಇಷ್ಟೆಲ್ಲ ಹೇಳಿ, ಆ ಶೋಧದ ದೂರಿನ ಮಟ್ಟಿಗೆ ಅಧಿಕಾರಿಗೇ ರಕ್ಷಣೆ ಕೊಡುತ್ತಾರೆ. ಚಾಲಕ ಸೋಲುತ್ತಾನೆ.

ನಾನು ಈ ತೀರ್ಪನ್ನು ಮೊದಲು ಓದಿದಾಗ ಆರಂಭದ ಪುಟಗಳಿಗೆ ಬೆರಗಾಗಿದ್ದೆ. ಎರಡನೆಯ ಸಲ ಓದಿದಾಗ ಕೊನೆಯ ಪುಟಗಳ ಮುಂದೆ ಕೂತು ಯೋಚಿಸಬೇಕಾಯಿತು. ಇಷ್ಟು ಚೆನ್ನಾಗಿ ಬರೆದದ್ದು ಆ ಮನುಷ್ಯನಿಗೆ ಏನು ಕೊಟ್ಟಿತು? ಈ ಪ್ರಶ್ನೆಗೆ ಉತ್ತರ ಬೇಕಾದರೆ, ರೀವ್ಸ್ ಅವರ ಕೈ ಕಟ್ಟಿದ್ದು ಏನು ಎಂಬುದನ್ನು ಮೊದಲು ನೋಡಬೇಕು.

*

ಕಟ್ಟಿದ್ದು 'ಕ್ವಾಲಿಫೈಡ್ ಇಮ್ಯುನಿಟಿ' ಎಂಬ ಸಿದ್ಧಾಂತ, ಅಂದರೆ ಸರ್ಕಾರಿ ಅಧಿಕಾರಿಗೆ ಸಿಗುವ ಷರತ್ತಿನ ರಕ್ಷಣೆ. ಇದು ಕ್ರಿಮಿನಲ್ ಮೊಕದ್ದಮೆಗೆ ಸಂಬಂಧಿಸಿದ್ದಲ್ಲ. ನನ್ನ ಹಕ್ಕು ಮುರಿದದ್ದಕ್ಕೆ ಪರಿಹಾರ ಕೊಡು ಎಂದು ನಾಗರಿಕ ಹೂಡುವ ಸಿವಿಲ್ ದಾವೆಗೆ ಅಡ್ಡ ನಿಲ್ಲುವಂಥದ್ದು.

ಆ ದಾವೆಯ ಹಕ್ಕು ಬಂದದ್ದು 1871ರಲ್ಲಿ. ಅಂತರ್ಯುದ್ಧ ಮುಗಿದು, ಗುಲಾಮಗಿರಿ ರದ್ದಾಗಿ, ದಕ್ಷಿಣದ ರಾಜ್ಯಗಳಲ್ಲಿ ಕು ಕ್ಲಕ್ಸ್ ಕ್ಲಾನ್ ಕಪ್ಪು ಜನರನ್ನು ಬೇಟೆಯಾಡುತ್ತಿದ್ದ ಕಾಲ. ಸ್ಥಳೀಯ ಪೊಲೀಸರು, ನ್ಯಾಯಾಧೀಶರು ಸುಮ್ಮನಿದ್ದರು, ಎಷ್ಟೋ ಕಡೆ ಕೈ ಜೋಡಿಸಿದ್ದರು. ಆಗ ಅಧ್ಯಕ್ಷ ಗ್ರಾಂಟ್ ಸಹಿ ಹಾಕಿದ ಕಾನೂನು, ರಾಜ್ಯದ ಅಧಿಕಾರ ಬಳಸಿ ಯಾರಾದರೂ ಸಂವಿಧಾನದ ಹಕ್ಕನ್ನು ಕಿತ್ತುಕೊಂಡರೆ ಅವರ ಮೇಲೆ ನೇರವಾಗಿ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಬಹುದು ಎಂದಿತು. ಇಂದು ಅದನ್ನು ಸೆಕ್ಷನ್ 1983 ಎನ್ನುತ್ತಾರೆ. ಇದು ವರ್ಷವಲ್ಲ, ಕಾನೂನು ಸಂಹಿತೆಯಲ್ಲಿ ಅದಕ್ಕೆ ಸಿಕ್ಕ ಸಂಖ್ಯೆ. ಸುಮಾರು 90 ವರ್ಷ ಈ ಕಾನೂನು ಹೆಚ್ಚುಕಡಿಮೆ ನಿದ್ರಿಸಿತು. 1961ರಲ್ಲಿ, ಶಿಕಾಗೋದಲ್ಲಿ 13 ಪೊಲೀಸರು ಬೆಳಗಿನ ಜಾವ ಒಂದು ಕಪ್ಪು ಕುಟುಂಬದ ಮನೆಗೆ ನುಗ್ಗಿದ ಮನ್ರೋ ವರ್ಸಸ್ ಪೇಪ್ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯ ಅದಕ್ಕೆ ಜೀವ ಕೊಟ್ಟಿತು.

ಅದೇ 1961ರ ಸೆಪ್ಟೆಂಬರಿನಲ್ಲಿ ಬಿಳಿಯರೂ ಕಪ್ಪು ಜನರೂ ಸೇರಿದ್ದ 15 ಮಂದಿ ಎಪಿಸ್ಕೋಪಲ್ ಪಾದ್ರಿಗಳು ಜಾಕ್ಸನ್ನಿನ ಬಸ್ ನಿಲ್ದಾಣದಲ್ಲಿ, ಬಿಳಿಯರಿಗೆ ಮಾತ್ರ ಎಂದು ಫಲಕ ಹಾಕಿದ್ದ ಕೋಣೆಯನ್ನು ಒಟ್ಟಿಗೆ ಹೊಕ್ಕರು. ಪೊಲೀಸರು ಶಾಂತಿಭಂಗದ ಹೆಸರಿನಲ್ಲಿ ಹಿಡಿದರು. ನ್ಯಾಯಾಧೀಶ ನಾಲ್ಕು ತಿಂಗಳ ಜೈಲು, 200 ಡಾಲರ್ ದಂಡ ವಿಧಿಸಿದ. ಆ ಶಿಕ್ಷೆ ಮೇಲ್ಮನವಿಯಲ್ಲಿ ನಿಲ್ಲಲಿಲ್ಲ. ಪಾದ್ರಿಗಳು ಎರಡು ಬಗೆಯ ದಾವೆ ಹೂಡಿದರು. ಒಂದು, 1871ರ ಕಾನೂನಿನ ಪ್ರಕಾರ ನಾಗರಿಕ ಹಕ್ಕಿನ ದಾವೆ. ಇನ್ನೊಂದು, ರಾಜ್ಯದ ಕಾನೂನಿನ ಪ್ರಕಾರ ಅಕ್ರಮ ಬಂಧನದ ದಾವೆ.

1967ರಲ್ಲಿ ಪಿಯರ್ಸನ್ ವರ್ಸಸ್ ರೇ ಎಂಬ ಈ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಮಾಡಿದ್ದು ಗಮನಿಸುವಂಥದ್ದು. ಶಿಕ್ಷೆ ಕೊಟ್ಟ ನ್ಯಾಯಾಧೀಶನಿಗೆ ಪೂರ್ಣ ರಕ್ಷಣೆ ಕೊಟ್ಟಿತು. ಪೊಲೀಸರ ವಿಷಯದಲ್ಲಿ, ರಾಜ್ಯದ ಕಾನೂನಿನ ಅಕ್ರಮ ಬಂಧನದ ದಾವೆಯಲ್ಲಿ ಸಿಗುತ್ತಿದ್ದ 'ಸದ್ಭಾವನೆಯಿಂದ, ತಕ್ಕ ಕಾರಣವಿದ್ದು ಬಂಧಿಸಿದೆವು' ಎಂಬ ಸಮರ್ಥನೆಯನ್ನು ಎತ್ತಿಕೊಂಡು ನಾಗರಿಕ ಹಕ್ಕಿನ ದಾವೆಗೂ ಜೋಡಿಸಿತು. 1871ರ ಕಾನೂನಿನ ಪಠ್ಯದಲ್ಲಿ ಅಂಥ ಸಮರ್ಥನೆಯ ಮಾತೇ ಇರಲಿಲ್ಲ. ಮುಂದೆ 1982ರ ಹಾರ್ಲೋ ವರ್ಸಸ್ ಫಿಟ್ಜ್‌ಜೆರಾಲ್ಡ್ ತೀರ್ಪು ಸದ್ಭಾವನೆಯ ಪ್ರಶ್ನೆಯನ್ನೂ ಕೈಬಿಟ್ಟಿತು. ಅಧಿಕಾರಿಯ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಬೇಕಾಗಿಲ್ಲ. ಮುರಿದ ಹಕ್ಕು 'ಸ್ಪಷ್ಟವಾಗಿ ಸ್ಥಾಪಿತವಾಗಿತ್ತೇ', ವಿವೇಕಿ ಅಧಿಕಾರಿಗೆ ಅದು ಗೊತ್ತಿರುತ್ತಿತ್ತೇ ಎಂದಷ್ಟೇ ಕೇಳಿದರೆ ಸಾಕು. ಸ್ಥಾಪಿತವಾಗಿರಲಿಲ್ಲವೆಂದರೆ, ಅಧಿಕಾರಿ ದುರುದ್ದೇಶದಿಂದಲೇ ಮಾಡಿದ್ದರೂ ದಾವೆ ಅಲ್ಲಿಗೆ ಮುಗಿಯಿತು.

ಹಕ್ಕು ಸ್ಪಷ್ಟವಾಗಿ ಸ್ಥಾಪಿತವಾಗಿದೆ ಎಂದು ತೋರಿಸುವುದು ಹೇಗೆ? ಹಿಂದಿನ ತೀರ್ಪುಗಳನ್ನು ತೋರಿಸಿ, 'ಇದೂ ಅದರಂತೆಯೇ ಇದೆ' ಎಂದು ಹೇಳಿ. ಕಾವ್ಯ ಓದುವವರು ಕಿವಿಗೊಡಬೇಕಾದ ಜಾಗ ಇದು.

*

ಉಪಮಾಲಂಕಾರದ ನಾಲ್ಕು ಅಂಗಗಳನ್ನು ಪ್ರೌಢಶಾಲೆಯ ವ್ಯಾಕರಣದಲ್ಲೇ ಕಲಿತಿರುತ್ತೇವೆ: ಉಪಮೇಯ, ಉಪಮಾನ, ಸಮಾನಧರ್ಮ, ಉಪಮಾವಾಚಕ. ಮುಖ ಕಮಲದಂತಿದೆ ಎಂದರೆ ಮುಖವೂ ಕಮಲವೂ ಬೇರೆ ಬೇರೆ ಎಂಬುದು ಮೊದಲೇ ಒಪ್ಪಿಕೊಂಡ ಮಾತು. ಬೇರೆಯಾಗಿದ್ದರಿಂದಲೇ ಹೋಲಿಕೆಗೆ ಬೆಲೆ. ಈ ಮುಖಕ್ಕೆ ನಾಳವೆಲ್ಲಿ, ಕೆಸರೆಲ್ಲಿ ಎಂದು ಕೇಳುವವನನ್ನು ನಾವು ರಸಿಕ ಎನ್ನುವುದಿಲ್ಲ.

ಪೂರ್ವನಿದರ್ಶನಗಳ ಮೇಲೆ ನಡೆಯುವ ಕಾನೂನು ಉಪಮೆಯ ಮೇಲೆ ನಿಂತ ಕಾನೂನು. ಅಂದಿನ ಪ್ರಕರಣ ಉಪಮಾನ, ಇಂದಿನದು ಉಪಮೇಯ. ಎರಡಕ್ಕೂ ಸಮಾನವಾದ ಧರ್ಮ ಯಾವುದು ಎಂದು ಗುರುತಿಸುವುದೇ ನ್ಯಾಯಾಧೀಶರ ಕೆಲಸ. ಸರ್ವೋಚ್ಚ ನ್ಯಾಯಾಲಯವೂ ಬಾಯಿಮಾತಿಗೆ ಇದನ್ನು ಒಪ್ಪುತ್ತದೆ. ತದ್ವತ್ ಅದೇ ಪ್ರಕರಣ ಬೇಕಾಗಿಲ್ಲ, ಆದರೆ ಪ್ರಶ್ನೆ ಚರ್ಚೆಗೆ ಆಸ್ಪದವಿಲ್ಲದಷ್ಟು ಖಚಿತವಾಗಿರಬೇಕು ಎಂದು 2011ರಲ್ಲಿ ಅದು ಹೇಳಿತು. ಆ 'ಆದರೆ'ಯ ಹಿಂದೆ ಬಂದದ್ದು ಬೇರೊಂದು ಅಲಂಕಾರ.

ನ್ಯಾಶ್‌ವಿಲ್ ನಗರದಲ್ಲಿ 2014ರಲ್ಲಿ ಕಳ್ಳತನದ ಶಂಕಿತನೊಬ್ಬ ಒಂದು ಮನೆಯ ನೆಲಮಾಳಿಗೆಯಲ್ಲಿ ಸಿಕ್ಕಿಬಿದ್ದ. ಎರಡೂ ಕೈ ಮೇಲೆತ್ತಿ ಕೂತಿದ್ದವನ ಮೇಲೆ ಪೊಲೀಸರು ನಾಯಿ ಬಿಟ್ಟರು ಎಂಬುದು ಅವನ ದೂರು. ಅವನ ಬಳಿ ಒಂದು ಉಪಮಾನವಿತ್ತು. ಶರಣಾಗಿ ನೆಲದ ಮೇಲೆ ಮಲಗಿದ್ದವನ ಮೇಲೆ ನಾಯಿ ಬಿಟ್ಟದ್ದು ತಪ್ಪು ಎಂದು ಅದೇ ಮೇಲ್ಮನವಿ ನ್ಯಾಯಾಲಯ ಹಿಂದೆ ಹೇಳಿತ್ತು. ಆದರೆ ಬ್ಯಾಕ್ಸ್‌ಟರ್ ವರ್ಸಸ್ ಬ್ರೇಸಿ ಎಂಬ ಈ ಪ್ರಕರಣದಲ್ಲಿ, 2018ರಲ್ಲಿ, ನ್ಯಾಯಾಲಯ ಆ ಹೋಲಿಕೆಯನ್ನು ಒಪ್ಪಲಿಲ್ಲ. ಅವನು ಮಲಗಿದ್ದ, ಇವನು ಕೂತಿದ್ದ. ಕೈ ಎತ್ತಿ ಕೂತವನ ಮೇಲೆ ನಾಯಿ ಬಿಡಬಾರದು ಎಂದು ಯಾವ ತೀರ್ಪೂ ಸ್ಪಷ್ಟವಾಗಿ ಹೇಳಿರಲಿಲ್ಲ. ಶರಣಾಗತಿ ಎಂಬ ಸಮಾನಧರ್ಮ ಕಣ್ಣೆದುರೇ ಇತ್ತು. ನ್ಯಾಯಾಲಯ ನೋಡಿದ್ದು ನಾಳವನ್ನು, ಕೆಸರನ್ನು.

ಕ್ಯಾಲಿಫೋರ್ನಿಯಾದ ಫ್ರೆಸ್ನೋ ನಗರದ ಪ್ರಕರಣ ಇನ್ನೂ ವಿಚಿತ್ರ. ವಾರಂಟ್ ಹಿಡಿದು ಶೋಧಕ್ಕೆ ಬಂದ ಪೊಲೀಸರು ಸುಮಾರು 50,000 ಡಾಲರ್ ವಶಪಡಿಸಿಕೊಂಡೆವೆಂದು ಬರೆದುಕೊಟ್ಟರು. ಇದಲ್ಲದೆ 1,51,380 ಡಾಲರ್ ನಗದನ್ನೂ 1,25,000 ಡಾಲರ್ ಬೆಲೆಯ ಅಪರೂಪದ ನಾಣ್ಯಗಳನ್ನೂ ಕದ್ದರು ಎಂದು ಆಸ್ತಿಯ ಮಾಲೀಕರು ಆರೋಪಿಸಿದರು. ಆರೋಪ ನಿಜವೋ ಸುಳ್ಳೋ ಎಂದು ವಿಚಾರಣೆಯಲ್ಲಿ ತೀರ್ಮಾನವಾಗಲೇ ಇಲ್ಲ. ಕಳವು ನೈತಿಕವಾಗಿ ತಪ್ಪೆಂದು ಅಧಿಕಾರಿಗಳಿಗೆ ಗೊತ್ತಿರಬೇಕಿತ್ತು, ಆದರೆ ವಾರಂಟಿನಡಿ ವಶಪಡಿಸಿಕೊಂಡ ವಸ್ತುವನ್ನು ಕದಿಯುವುದು ಸಂವಿಧಾನದ ನಾಲ್ಕನೇ ತಿದ್ದುಪಡಿಯ ಉಲ್ಲಂಘನೆ ಎಂಬುದು ಸ್ಪಷ್ಟವಾಗಿ ಸ್ಥಾಪಿತವಾಗಿರಲಿಲ್ಲ ಎಂದು 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು.

ಅಲಂಕಾರಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿದೆ: ಅನನ್ವಯ. ಒಂದು ವಸ್ತುವನ್ನು ಅದಕ್ಕೇ ಹೋಲಿಸುವುದು. ಆಕಾಶಕ್ಕೆ ಆಕಾಶವೇ, ಕಡಲಿಗೆ ಕಡಲೇ. ಕಾವ್ಯದಲ್ಲಿ ಇದು ಹೊಗಳಿಕೆ, ಇದಕ್ಕೆ ಸಾಟಿ ಬೇರೊಂದಿಲ್ಲ ಎಂಬ ಅರ್ಥ. ನ್ಯಾಯಾಲಯದಲ್ಲಿ ಅದೇ ಮಾತು ಶಿಕ್ಷೆಯಾಗುತ್ತದೆ, ಅದೂ ನೋವುಂಡವನಿಗೆ. ನಿನ್ನ ನೋವಿಗೆ ನಿನ್ನ ನೋವೇ ಸಾಟಿ, ಆದ್ದರಿಂದ ಪರಿಹಾರವಿಲ್ಲ. ಕನ್ನಡದಲ್ಲಿ ಈ ಪದಕ್ಕೆ ಇನ್ನೊಂದು ಛಾಯೆಯೂ ಇದೆ. ಕಚೇರಿ ಕಾಗದಗಳಲ್ಲಿ 'ಇಂಥ ಕಲಮಿನ ಅನ್ವಯ' ಎಂದು ಬರೆಯುತ್ತೇವೆ. ಅನ್ವಯವೆಂದರೆ ಸಂಬಂಧ, ಹೊಂದಿಕೆ. ಕಾನೂನು ಅನ್ವಯವಾಗುವುದಿಲ್ಲ ಎಂಬ ಮಾತಿನಲ್ಲೂ ಅನನ್ವಯ ಕೂತಿದೆ.

ಇದರ ಪರಿಣಾಮವನ್ನು ಯೋಚಿಸಿ. ಕ್ರೌರ್ಯ ಎಷ್ಟು ಅಪರೂಪದ್ದೋ, ಎಷ್ಟು ಹೊಸ ಬಗೆಯದೋ ಅದಕ್ಕೆ ಅಷ್ಟು ಹೆಚ್ಚು ರಕ್ಷಣೆ. ಯಾರಿಗೂ ಹೊಳೆಯದ ಹಿಂಸೆಯನ್ನು ಮೊದಲ ಸಲ ಮಾಡಿದವನಿಗೆ ಪೂರ್ವನಿದರ್ಶನವೆಲ್ಲಿ ಸಿಗಬೇಕು? 2009ರ ಪಿಯರ್ಸನ್ ವರ್ಸಸ್ ಕ್ಯಾಲಹನ್ ತೀರ್ಪಿನ ನಂತರ ಇದು ಇನ್ನೂ ಬಿಗಿಯಾಯಿತು. ಹಕ್ಕು ಮುರಿಯಿತೇ ಎಂಬ ಮೊದಲ ಪ್ರಶ್ನೆಗೆ ಉತ್ತರಿಸದೆ, ಅದು ಸ್ಥಾಪಿತವಾಗಿರಲಿಲ್ಲ ಎಂಬ ಎರಡನೆಯ ಉತ್ತರದಲ್ಲೇ ಪ್ರಕರಣ ಮುಗಿಸಲು ನ್ಯಾಯಾಲಯಗಳಿಗೆ ಅನುಮತಿ ಸಿಕ್ಕಿತು. ಹಾಗೆ ಮುಗಿಸಿದರೆ ಹೊಸ ಪೂರ್ವನಿದರ್ಶನ ಹುಟ್ಟುವುದಿಲ್ಲ. ಮುಂದಿನವನಿಗೂ ಉಪಮಾನ ಸಿಗುವುದಿಲ್ಲ. ಐದನೇ ಸರ್ಕ್ಯೂಟಿನ ನ್ಯಾಯಾಧೀಶ ಡಾನ್ ವಿಲೆಟ್ ಈ ಸುತ್ತನ್ನು ವಿವರಿಸಲು ಜೋಸೆಫ್ ಹೆಲ್ಲರನ 'ಕ್ಯಾಚ್-22' ಕಾದಂಬರಿಯ ಹೆಸರೆತ್ತಬೇಕಾಯಿತು. ಅವರು ಸಂಪ್ರದಾಯವಾದಿ ನ್ಯಾಯಾಧೀಶರೆಂದೇ ಹೆಸರಾದವರು. ಈ ಸಿದ್ಧಾಂತದ ಮೇಲಿನ ಅಸಮಾಧಾನ ಒಂದೇ ಪಕ್ಷದ್ದಲ್ಲ.

ನ್ಯಾಯಾಲಯ ಎಂದೂ ಉಪಮೆಯನ್ನು ಒಪ್ಪಿಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಅಲಬಾಮಾದ ಜೈಲಿನಲ್ಲಿ ಕೈದಿಯೊಬ್ಬನನ್ನು ಅಂಗಿ ತೆಗೆಸಿ, ಬಿಸಿಲಿನಲ್ಲಿ ಏಳು ಗಂಟೆ ಕಂಬಕ್ಕೆ ಬಿಗಿದಿದ್ದರು. 2002ರ ಹೋಪ್ ವರ್ಸಸ್ ಪೆಲ್ಜರ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಸಂದರ್ಭ ಹೊಸದಾದರೂ ತಪ್ಪು ತಪ್ಪೆಂದು ಅಧಿಕಾರಿಗಳಿಗೆ ಗೊತ್ತಾಗಬಹುದು ಎಂದಿತು. 2020ರ ಟೇಲರ್ ವರ್ಸಸ್ ರಿಯೋಹಾಸ್ ಪ್ರಕರಣದಲ್ಲಿ ಟೆಕ್ಸಾಸಿನ ಕೈದಿಯೊಬ್ಬ, ಮಲ ಮೆತ್ತಿದ ಒಂದು ಕೋಣೆಯಲ್ಲೂ ಕೊಳಚೆ ನೀರು ನಿಂತ, ಮೈ ಕೊರೆಯುವಷ್ಟು ತಣ್ಣಗಿನ ಇನ್ನೊಂದು ಕೋಣೆಯಲ್ಲೂ ಆರು ದಿನ ಬೆತ್ತಲೆಯಾಗಿ ಕಳೆದಿದ್ದೆ ಎಂದಿದ್ದ. ಬರೀ ಆರು ದಿನ ಹಾಗಿಡುವುದು ತಪ್ಪೆಂದು ಸ್ಪಷ್ಟವಾಗಿ ಸ್ಥಾಪಿತವಾಗಿರಲಿಲ್ಲ ಎಂದ ಕೆಳ ನ್ಯಾಯಾಲಯದ ಮಾತನ್ನು ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. ಆದರೆ ಕೆಳಗಿನ ನ್ಯಾಯಾಧೀಶರು ದಿನಗಳನ್ನು ಎಣಿಸಿ ಕೂತಿದ್ದರು ಎಂಬುದೇ, ಈ ಸಿದ್ಧಾಂತ ಎಂಥ ಓದನ್ನು ಅಭ್ಯಾಸ ಮಾಡಿಸಿದೆ ಎಂದು ತೋರಿಸುತ್ತದೆ.

*

ಈ ರಕ್ಷಣೆಯ ಪರವಾಗಿಯೂ ಗಟ್ಟಿ ವಾದವಿದೆ. ಪೊಲೀಸರು ಕ್ಷಣದಲ್ಲಿ ನಿರ್ಧಾರ ಮಾಡಬೇಕಾಗುತ್ತದೆ. ಪ್ರತಿ ನಿರ್ಧಾರದ ಹಿಂದೆಯೂ ಮನೆಮಠ ಕಳೆದುಕೊಳ್ಳುವ ಭಯ ಕಾಡಿದರೆ ಯಾರೂ ಕೆಲಸ ಮಾಡಲಾರರು. ತಪ್ಪೆಂದು ಮೊದಲೇ ತಿಳಿಸದೆ ದಂಡ ಹಾಕುವುದು ಅಧಿಕಾರಿಗೂ ಅನ್ಯಾಯವೇ. ಈ ಕೊನೆಯ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಮನೆಮಠದ ಭಯದ ಬಗ್ಗೆ ಕಾನೂನು ವಿದ್ವಾಂಸೆ ಜೊವಾನಾ ಶ್ವಾರ್ಟ್ಜ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. ಅವರು ಪರಿಶೀಲಿಸಿದ ದೊಡ್ಡ ಪೊಲೀಸ್ ಇಲಾಖೆಗಳಲ್ಲಿ ನಾಗರಿಕ ಹಕ್ಕಿನ ದಾವೆಗಳಿಗೆ ಸಂದ ಪರಿಹಾರದಲ್ಲಿ ಅಧಿಕಾರಿಗಳು ಸ್ವಂತ ಜೇಬಿನಿಂದ ಕೊಟ್ಟದ್ದು ಶೇಕಡಾ 0.02ರಷ್ಟು. ಉಳಿದದ್ದನ್ನು ಕಟ್ಟಿದ್ದು ಸರ್ಕಾರಗಳು. ನಿಲ್ಲದ ಭಯವೊಂದರ ಹೆಸರಿನಲ್ಲಿ ಕಟ್ಟಿದ ಗೋಡೆ ಇದು.

ಗೋಡೆಯ ಬುನಾದಿಯಲ್ಲೂ ಒಂದು ಬಿರುಕಿದೆ. ಹಸ್ತಪ್ರತಿಗಳ ಕಥೆ ಬಲ್ಲ ಕನ್ನಡ ಓದುಗರಿಗೆ ಇದು ಬೇಗ ಅರ್ಥವಾಗುತ್ತದೆ. ಪ್ರತಿ ಮಾಡುವಾಗ ಲಿಪಿಕಾರ ಒಂದು ಸಾಲು ಬಿಟ್ಟರೆ ಮುಂದಿನ ವ್ಯಾಖ್ಯಾನಕಾರರೆಲ್ಲ ಆ ಬಿಟ್ಟ ಪಾಠದ ಮೇಲೇ ಟೀಕೆ ಬರೆಯುತ್ತಾರೆ. 1871ರ ಕಾನೂನಿಗೆ ಆದದ್ದು ಅದೇ. 1874ರಲ್ಲಿ ದೇಶದ ಕಾನೂನುಗಳನ್ನೆಲ್ಲ ಒಂದೆಡೆ ಕ್ರೋಡೀಕರಿಸಿದಾಗ, ಈ ಕಾನೂನಿನಿಂದ ಇಂಗ್ಲಿಷಿನ 16 ಪದಗಳ ಒಂದು ತುಂಡು ಬಿದ್ದುಹೋಯಿತು. ರಾಜ್ಯದ ಯಾವುದೇ ಕಾನೂನು, ಪದ್ಧತಿ, ರೂಢಿ ಇದಕ್ಕೆ ವಿರುದ್ಧವಾಗಿದ್ದರೂ ಅಧಿಕಾರಿ ಹೊಣೆಗಾರನೇ ಎಂಬುದು ಆ ಪದಗಳ ತಾತ್ಪರ್ಯ. ವಿದ್ವಾಂಸ ಅಲೆಕ್ಸಾಂಡರ್ ರೈನರ್ಟ್ 2023ರಲ್ಲಿ ಇದನ್ನು ಮುಂದೆ ತಂದರು. ಅದೇ ವರ್ಷ ವಿಲೆಟ್ ತಮ್ಮ ಒಂದು ತೀರ್ಪಿನಲ್ಲಿ ಅದನ್ನು ಎತ್ತಿ ಹೇಳಿದರು.

ಈಗ 1967ಕ್ಕೆ ಹಿಂದಿರುಗಿ ನೋಡಿ. ಪಾದ್ರಿಗಳ ಪ್ರಕರಣದಲ್ಲಿ ನ್ಯಾಯಾಲಯ ರಾಜ್ಯದ ಕಾನೂನಿನ ದಾವೆಯಿಂದ ಸಮರ್ಥನೆಯನ್ನು ತಂದು ನಾಗರಿಕ ಹಕ್ಕಿನ ದಾವೆಗೆ ಜೋಡಿಸಿತ್ತು. ಬಿದ್ದುಹೋದ ಪದಗಳು ತಡೆಯಲು ಹೊರಟದ್ದು ಇಂಥ ಜೋಡಣೆಯನ್ನೇ ಎಂಬುದು ರೈನರ್ಟ್ ವಾದ. ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಪದಗಳು ಬಿದ್ದವೆಂಬುದು ಮಾತ್ರ ನಿಜ, ಮೂಲಪಾಠ ಎಲ್ಲರೂ ಓದಬಹುದಾದಲ್ಲೇ ಇದೆ.

ರಾಜ್ಯದ ಕಾನೂನಿನ ದಾರಿ ಏನಾಯಿತು? ಅದೇ ಬಂಧನಕ್ಕೆ, ಅದೇ ಹೊಡೆತಕ್ಕೆ ರಾಜ್ಯದ ಕಾನೂನಿನಡಿ ಅಕ್ರಮ ಬಂಧನ, ಹಲ್ಲೆ ಎಂದು ಬೇರೆ ದಾವೆ ಹೂಡಬಹುದು. ಫೆಡರಲ್ ರಕ್ಷಣೆ ಅಲ್ಲಿಗೆ ಬರುವುದಿಲ್ಲ. ಆದರೆ ಹೆಚ್ಚಿನ ರಾಜ್ಯಗಳು ವಿವೇಚನೆ ಬಳಸಿ ಮಾಡಿದ ಕೆಲಸ, ಸದ್ಭಾವನೆಯಿಂದ ಮಾಡಿದ ಕೆಲಸ ಎಂಬಂಥ ತಮ್ಮದೇ ಬೇಲಿಗಳನ್ನು ಹಾಕಿಕೊಂಡಿವೆ. ಕೆಲವು ರಾಜ್ಯಗಳು ಈಚೆಗೆ ಬೇಲಿ ಸರಿಸಿವೆ. 2020ರ ಜೂನಿನಲ್ಲಿ ಕೊಲರಾಡೋ, ಪೊಲೀಸರ ವಿರುದ್ಧ ರಾಜ್ಯದ ಸಂವಿಧಾನದ ಹಕ್ಕುಗಳಿಗಾಗಿ ದಾವೆ ಹೂಡುವ ಅವಕಾಶ ಕೊಟ್ಟು, ಅಲ್ಲಿ ಕ್ವಾಲಿಫೈಡ್ ಇಮ್ಯುನಿಟಿ ನಡೆಯದು ಎಂದಿತು. 2021ರಲ್ಲಿ ನ್ಯೂ ಮೆಕ್ಸಿಕೋ ತನ್ನ ನಾಗರಿಕ ಹಕ್ಕುಗಳ ಕಾನೂನಿನಲ್ಲಿ ಅದೇ ದಾರಿ ಹಿಡಿಯಿತು. ಒಂದು ಕಾಲದಲ್ಲಿ ರಾಜ್ಯಗಳ ಕೈಯಿಂದ ಜನರನ್ನು ಕಾಪಾಡಲು ಫೆಡರಲ್ ಕಾನೂನು ಬಂದಿತ್ತು. ಈಗ ಅದು ಮುಚ್ಚಿದ ಬಾಗಿಲನ್ನು ಕೆಲವು ರಾಜ್ಯಗಳು ತೆರೆಯುತ್ತಿವೆ.

*

'ನನಗೆ ಇಷ್ಟವಿಲ್ಲ, ಆದರೂ ಹೀಗೇ ತೀರ್ಪು ಕೊಡಬೇಕಾಗಿದೆ' ಎನ್ನುವುದು ತೀರ್ಪುಗಳಲ್ಲಿ ಒಂದು ಪ್ರಕಾರವೇ ಆಗಿದೆ. ನಮಗೂ ಅದು ಹೊಸದಲ್ಲ. ಫ್ರೆಸ್ನೋ ಪ್ರಕರಣ ಓದುವಾಗ ನನಗೆ ನೆನಪಾದದ್ದು ನಮ್ಮ ಸರ್ವೋಚ್ಚ ನ್ಯಾಯಾಲಯದ 1964ರ ಕಸ್ತೂರಿಲಾಲ್ ತೀರ್ಪು. ದೇಶ ಒಡೆದ 1947ರ ಸೆಪ್ಟೆಂಬರಿನಲ್ಲಿ ಅಮೃತಸರದ ಚಿನ್ನಬೆಳ್ಳಿಯ ವ್ಯಾಪಾರಿಯೊಬ್ಬ ಮೀರತ್ತಿಗೆ ಬಂದಾಗ, ಪೊಲೀಸರು ಅವನನ್ನು ಹಿಡಿದು 100 ತೊಲೆಗೂ ಹೆಚ್ಚು ಚಿನ್ನವನ್ನು ವಶಪಡಿಸಿಕೊಂಡರು. ಠಾಣೆಯ ಹೆಡ್ ಕಾನ್‌ಸ್ಟೇಬಲ್ ಆ ಚಿನ್ನ ಲಪಟಾಯಿಸಿ ಪಾಕಿಸ್ತಾನಕ್ಕೆ ಓಡಿಹೋದ. ಸರ್ಕಾರ ಬೆಲೆ ಕಟ್ಟಿಕೊಡಬೇಕೇ? ಬೇಕಾಗಿಲ್ಲ ಎಂದಿತು ನ್ಯಾಯಾಲಯ. ಬಂಧಿಸುವುದು, ವಶಪಡಿಸಿಕೊಳ್ಳುವುದು ಸಾರ್ವಭೌಮ ಅಧಿಕಾರದ ಕೆಲಸ, ಅದರಲ್ಲಿ ನೌಕರ ಮಾಡಿದ ತಪ್ಪಿಗೆ ಸರ್ಕಾರ ಹೊಣೆಯಲ್ಲ.

ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡ್ಕರ್. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು, ಗಜೇಂದ್ರಗಡವನ್ನು ಹೆಸರಿನಲ್ಲೇ ಹೊತ್ತವರು. ತೀರ್ಪಿನ ಕೊನೆಯಲ್ಲಿ ಅವರಿಗೂ ಕಸಿವಿಸಿಯಾಗಿದೆ. ಕಾನೂನಿನ ಈ ಸ್ಥಿತಿ ತೃಪ್ತಿಕರವಲ್ಲ, ಶಾಸನಸಭೆಗಳು ಯೋಚಿಸಬೇಕು ಎನ್ನುತ್ತಾರೆ. ವ್ಯಾಪಾರಿ ಬರಿಗೈಯಲ್ಲಿ ಹೋದ. ಮುಂದೆ 1993ರಲ್ಲಿ, ಒಡಿಶಾದಲ್ಲಿ ಪೊಲೀಸ್ ವಶದಲ್ಲಿದ್ದ ಮಗನನ್ನು ಕಳೆದುಕೊಂಡ ತಾಯಿಯ ಪ್ರಕರಣವಾದ ನೀಲಾಬತಿ ಬೆಹೆರಾ ತೀರ್ಪಿನಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ಬೇರೆ ದಾರಿ ಹಿಡಿಯಿತು. ಮೂಲಭೂತ ಹಕ್ಕು ಮುರಿದಾಗ ಸಾರ್ವಭೌಮತೆಯ ನೆಪ ನಡೆಯದು ಎಂದು 1,50,000 ರೂಪಾಯಿ ಪರಿಹಾರ ಕೊಡಿಸಿತು. ಹಣ ದೊಡ್ಡದಲ್ಲ. ಆದರೆ ಅಲ್ಲಿ ನ್ಯಾಯಾಲಯ ವಿಷಾದವನ್ನಷ್ಟೇ ಬರೆದು ನಿಲ್ಲಿಸಲಿಲ್ಲ.

ಎರಡು ಒಲ್ಲದ ತೀರ್ಪುಗಳನ್ನು ಪಕ್ಕಪಕ್ಕ ಇಟ್ಟರೆ ವಿಷಾದಕ್ಕೆ ಬೆಲೆ ಕಟ್ಟುವ ಬಗೆ ತಿಳಿಯುತ್ತದೆ. ಗಜೇಂದ್ರಗಡ್ಕರ್ ಕೂತಿದ್ದು ದೇಶದ ಕೊನೆಯ ನ್ಯಾಯಾಲಯದಲ್ಲಿ. ಬೇರೆ ತೀರ್ಪು ಬರೆಯುವ ಅಧಿಕಾರ ಅವರ ಪೀಠಕ್ಕಿತ್ತು. ಅಲ್ಲಿ ವಿಷಾದ ಬಂದದ್ದು ತೀರ್ಪಿನ ಬಾಲದಲ್ಲಿ. ರೀವ್ಸ್ ಕೂತಿದ್ದು ಮೊದಲ ಮೆಟ್ಟಿಲಿನ ನ್ಯಾಯಾಲಯದಲ್ಲಿ. ಮೇಲಿನವರು ಹಾಕಿದ ಗೆರೆ ದಾಟಿದ್ದರೆ ಅವರ ತೀರ್ಪು ಮೇಲ್ಮನವಿಯಲ್ಲಿ ಉಳಿಯುವುದು ಕಷ್ಟವಿತ್ತು. ಅವರಲ್ಲಿ ವಿಷಾದವೇ ತೀರ್ಪಿನ ಮೈ. ಮಾತಿನ ಸೊಬಗು ಎಷ್ಟರ ಮಟ್ಟಿಗೆ ಪ್ರಾಮಾಣಿಕ ಎಂಬುದು, ಆಡಿದವನಿಗೆ ಮಾಡುವ ಶಕ್ತಿ ಎಷ್ಟಿತ್ತು ಎಂಬುದರ ಮೇಲೆ ನಿಂತಿದೆ. ಆ ಲೆಕ್ಕದಲ್ಲಿ ನಾನು ರೀವ್ಸ್ ಪಕ್ಷ.

ಹಾಗೆಂದು ಅವರ ತೀರ್ಪಿನಲ್ಲಿ ಕುಂದಿಲ್ಲವೆಂದಲ್ಲ. ನಡುವಿನ ಚರಿತ್ರೆಯ ಭಾಗ ಕೆಲವೆಡೆ ಪಠ್ಯಪುಸ್ತಕದಂತೆ ಉದ್ದವಾಗುತ್ತದೆ. ಆರಂಭದ ಪಟ್ಟಿಯಲ್ಲಿ ಸತ್ತವರ ಹೆಸರುಗಳು ಅಡಿಟಿಪ್ಪಣಿಗೆ ಹೋಗಿವೆ. ಕಾನೂನು ಅವರನ್ನು ಇಟ್ಟದ್ದೂ ಅಲ್ಲೇ ಎಂದು ಸೂಚಿಸಲು ಹಾಗೆ ಮಾಡಿರಬಹುದು, ಆದರೆ ಅವಸರದ ಓದುಗನಿಗೆ ಅವರು ಕಾಣಿಸುವುದೇ ಇಲ್ಲ. ತೀರ್ಪು ಹೊರಬಂದ ವಾರ ಅದರ ಮೊದಲ ಪುಟವನ್ನು ಹಂಚಿಕೊಂಡು ಮೆಚ್ಚಿದವರಲ್ಲಿ ಎಷ್ಟು ಮಂದಿ ಕೊನೆಯ ಪುಟಕ್ಕೆ ಹೋದರೋ. ನಾನೂ ಮೊದಲ ಸಲ ಅಂಥ ಓದುಗನೇ ಆಗಿದ್ದೆ.

ಆದರೂ ಆ ಪಟ್ಟಿ ಮಾಡಿದ ಕೆಲಸ ಸಣ್ಣದಲ್ಲ. ಸಿದ್ಧಾಂತ ಕೇಳಿದ್ದು ಅನನ್ವಯವನ್ನು: ಇದರಂತೆ ಇದೇ ಇರಬೇಕು. ರೀವ್ಸ್ ಅದಕ್ಕೆ ಬಗ್ಗಿ ತೀರ್ಪು ಕೊಡುವ ಮೊದಲು, 'ಅವನು ಅದನ್ನು ಮಾಡುತ್ತಿರಲಿಲ್ಲ, ಇದನ್ನು ಮಾಡುತ್ತಿರಲಿಲ್ಲ' ಎನ್ನುತ್ತಲೇ ಆ ಚಾಲಕನನ್ನು ಉಳಿದವರ ಪಕ್ಕಕ್ಕೆ ತಂದು ನಿಲ್ಲಿಸಿದರು. ಸಂದರ್ಭ ಒಂದೊಂದೂ ಬೇರೆ, ಸಮಾನಧರ್ಮ ಒಂದೇ. ನ್ಯಾಯಾಲಯದ ಆದೇಶದಲ್ಲಿ ಜಾಗ ಸಿಗದ ಉಪಮೆಗೆ ಅದರ ಮುನ್ನುಡಿಯಲ್ಲಿ ಜಾಗ ಸಿಕ್ಕಿತು. ಚಾಲಕನಿಗೆ ಅದು ಪರಿಹಾರವಲ್ಲ. ಆದರೆ ಅವನ ಸೋಲು ಒಂಟಿ ಸೋಲೆಂದು ದಾಖಲಾಗಲಿಲ್ಲ.

ರೀವ್ಸ್ ಅವರ ನ್ಯಾಯಾಲಯವಿರುವುದು ಜಾಕ್ಸನ್ನಿನಲ್ಲಿ, 1961ರಲ್ಲಿ ಪಾದ್ರಿಗಳನ್ನು ಹಿಡಿದೊಯ್ದ ಅದೇ ಊರಿನಲ್ಲಿ. ಈ ರಕ್ಷಣೆ ಹುಟ್ಟಿದ್ದು ಅಲ್ಲಿನ ಬಸ್ ನಿಲ್ದಾಣದ ಒಂದು ಕೋಣೆಯಿಂದ. ಸುಮಾರು 60 ವರ್ಷಗಳ ನಂತರ ಅದೇ ಊರಿನ ನ್ಯಾಯಾಧೀಶರೊಬ್ಬರು ಅದನ್ನು ತೆಗೆಯಿರಿ ಎಂದು ಬರೆದರು, ಬರೆದು ಅದನ್ನೇ ಅನ್ವಯಿಸಿದರು. ಇನ್ನು ಮುಂದೆ ಯಾವುದೇ ತೀರ್ಪಿನಲ್ಲಿ, ಯಾವುದೇ ಸರ್ಕಾರಿ ಪತ್ರದಲ್ಲಿ 'ಅನ್ವಯಿಸುವುದಿಲ್ಲ' ಎಂಬ ಪದ ಕಂಡಾಗ ವಿದ್ಯಾರ್ಥಿಗಳು ಅಲ್ಲೇ ನಿಂತು ಒಂದು ಪ್ರಶ್ನೆ ಕೇಳಿಕೊಳ್ಳಲಿ: ಇಲ್ಲಿ ಯಾವ ಹೋಲಿಕೆಯನ್ನು ನೋಡಲು ಒಪ್ಪಲಿಲ್ಲ, ಮತ್ತು ಯಾರದು?